ಕಂದೀಲು ಕುಂದಿತೋ, ಗಾಜಿಗೆ ಮಸಿ ಹಿಡಿಯಿತೋ: ಆರಿದ್ರಾ ನಕ್ಷತ್ರ ಮಂಕಾದ ಚಳಿಗಾಲ

2019ರ ಡಿಸೆಂಬರ್ 30, ಸೋಮವಾರ. ನಮ್ಮ ವೀಕ್ಷಣೆಯ ನೋಟ್‌ಬುಕ್‌ನಲ್ಲಿ ಆ ಒಂದೇ ರಾತ್ರಿಗೆ ಎರಡು ಅಂಕಿಗಳಿವೆ. ಸಂಜೆ ಏಳೂವರೆಗೆ ನೋಡಿದ ಹುಡುಗಿಯರ ಗುಂಪು ಆರಿದ್ರಾ ನಕ್ಷತ್ರದ ಕಾಂತಿಮಾನ 1.6 ಎಂದು ಬರೆದಿದೆ. ರಾತ್ರಿ ಹನ್ನೊಂದಕ್ಕೆ ನಾನು ಮತ್ತು ಇಬ್ಬರು ಹುಡುಗರು ಅದೇ ಮಾಳಿಗೆಯ ಮೇಲೆ ನಿಂತು 1.3 ಎಂದು ಬರೆದಿದ್ದೇವೆ. ಕಾಂತಿಮಾನದ ಲೆಕ್ಕದಲ್ಲಿ ಅಂಕಿ ಜಾಸ್ತಿಯಾದಷ್ಟೂ ಹೊಳಪು ಕಡಿಮೆ. ಅಂದರೆ ಮೂರೂವರೆ ಗಂಟೆಯಲ್ಲಿ ನಕ್ಷತ್ರ ಸುಮಾರು ಮೂರನೇ ಒಂದು ಭಾಗದಷ್ಟು ಜಾಸ್ತಿ ಹೊಳೆಯಿತು ಎಂದಾಯಿತು.

ಈ ಬರಹ ಆ ಎರಡು ಅಂಕಿಗಳ ಬಗ್ಗೆ. ಅಲ್ಲಿಂದ ಶುರುವಾದ ಪ್ರಶ್ನೆ ನಮ್ಮನ್ನು ಮೇ ತಿಂಗಳವರೆಗೂ ಬಿಡಲಿಲ್ಲ.

ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುವವನು. ನಮ್ಮೂರ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎತ್ತ ನೋಡಿದರೂ ಭತ್ತದ ಗದ್ದೆ. ಡಿಸೆಂಬರ್ 26ರಂದು ಸೂರ್ಯಗ್ರಹಣ ಆಗಿತ್ತು. ಕೊಡಗಿನ ಕಡೆ ಕಂಕಣ ಕಂಡಿತು, ನಮಗೆ ಭಾಗಶಃ. ಗ್ರಹಣದ ಕನ್ನಡಕ ಹಾಕಿ ನೋಡಿದ ಮಕ್ಕಳಿಗೆ ಆಕಾಶದ ಹುಚ್ಚು ಹತ್ತಿತ್ತು. ಅದೇ ವಾರ ಟಿವಿಯಲ್ಲಿ ಇನ್ನೊಂದು ಸುದ್ದಿ: ಆರಿದ್ರಾ ನಕ್ಷತ್ರ ಮಂಕಾಗುತ್ತಿದೆ, ಸಿಡಿಯಬಹುದು! ಮರುದಿನ ಒಂಬತ್ತನೇ ಕ್ಲಾಸಿನ ಆರೇಳು ಮಕ್ಕಳು ನನ್ನ ಮೇಜಿನ ಸುತ್ತ ನಿಂತಿದ್ದರು. “ಸರ್, ನಿಜಾನಾ?”

ನಮ್ಮ ಕಡೆ ಆರಿದ್ರಾ ಅಂದರೆ ಮೊದಲು ನೆನಪಾಗುವುದು ಮಳೆ. “ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ” ಎನ್ನುವುದು ಮಕ್ಕಳಿಗೂ ಗೊತ್ತು. ಆದರೆ ಆ ಹೆಸರಿನ ನಕ್ಷತ್ರವನ್ನು ಬೆರಳಿಟ್ಟು ತೋರಿಸು ಎಂದರೆ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಜೂನ್ ಕೊನೆಯಲ್ಲಿ ಆ ಮಳೆ ಬರುವ ಹೊತ್ತಿಗೆ ಸೂರ್ಯ ಆ ನಕ್ಷತ್ರದ ಪಕ್ಕದಲ್ಲೇ ಇರುತ್ತಾನೆ. ಹಗಲಿಡೀ ಆಕಾಶದಲ್ಲಿ ಇದ್ದರೂ ಕಾಣುವುದಿಲ್ಲ. ಮಳೆಗೆ ಹೆಸರು ಕೊಟ್ಟ ನಕ್ಷತ್ರವನ್ನು ನೋಡಬೇಕೆಂದರೆ ಚಳಿಗಾಲದವರೆಗೂ ಕಾಯಬೇಕು. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ.

ಪಾಶ್ಚಾತ್ಯರು ಅದನ್ನು ಬೀಟಲ್‌ಜ್ಯೂಸ್ ಎನ್ನುತ್ತಾರೆ. ಮಹಾವ್ಯಾಧ ನಕ್ಷತ್ರಪುಂಜದ ಒಂದು ಭುಜ ಅದು, ಕೆಂಪಗೆ ಇದೆ. ಇನ್ನೊಂದು ಭುಜ ಬೆಲ್ಲಾಟ್ರಿಕ್ಸ್, ನೀಲಿ ಬಿಳುಪು. ಆರಿದ್ರಾ ಕೆಂಪು ಮಹಾದೈತ್ಯ. ಸೂರ್ಯನ ಜಾಗದಲ್ಲಿ ತಂದಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗುವಷ್ಟು ದೊಡ್ಡದು. 1920ರಲ್ಲಿ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕಕ್ಕೆ ಉಪಕರಣ ಜೋಡಿಸಿ ಮೈಕೆಲ್ಸನ್ ಮತ್ತು ಪೀಸ್ ಅದರ ಅಗಲ ಅಳೆದರು. ಸೂರ್ಯನನ್ನು ಬಿಟ್ಟರೆ ಅಗಲ ಅಳೆದ ಮೊದಲ ನಕ್ಷತ್ರ ಅದೇ. ದೂರ ಸುಮಾರು 550 ಜ್ಯೋತಿರ್ವರ್ಷ ಎಂದು ಒಂದು ಲೆಕ್ಕ, 700ರ ಹತ್ತಿರ ಎಂದು ಇನ್ನೊಂದು. ಮೊದಲನೆಯದನ್ನು ಹಿಡಿದರೆ ನಾವು ಆ ರಾತ್ರಿ ನೋಡಿದ ಬೆಳಕು ಅಲ್ಲಿಂದ ಹೊರಟಾಗ ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದರು.

ಅದರ ಹೊಳಪು ಏರಿಳಿಯುವುದು ಹೊಸ ವಿಷಯವಲ್ಲ. ಸರ್ ಜಾನ್ ಹರ್ಷೆಲ್ 1836ರಲ್ಲೇ ಬರಿಗಣ್ಣಿನಿಂದ ಅದನ್ನು ಗಮನಿಸಿದ್ದರು. ಸುಮಾರು 400 ದಿನಕ್ಕೊಮ್ಮೆ ಒಂದು ಏರಿಳಿತ, ಸುಮಾರು 2,100 ದಿನಕ್ಕೊಮ್ಮೆ ಇನ್ನೊಂದು ನಿಧಾನದ ಏರಿಳಿತ. ಆದರೆ 2019ರ ಕೊನೆಯ ಇಳಿತ ಎಂದಿನಂತೆ ಇರಲಿಲ್ಲ. ಅಮೆರಿಕದ ಎಡ್ವರ್ಡ್ ಗಿನನ್ ಮತ್ತು ಸಂಗಡಿಗರು ಡಿಸೆಂಬರ್ ಮೊದಲ ವಾರದಲ್ಲೇ ಕಾಂತಿಮಾನ 1.12ಕ್ಕೆ ಇಳಿದಿದೆ ಎಂದು ತಿಳಿಸಿದ್ದರು. ಸಾಮಾನ್ಯವಾಗಿ ಅದು 0.5ರ ಆಸುಪಾಸು ಇರುತ್ತದೆ.

ನಾವು ಮಾಡಿದ ವಿಧಾನ ಹಳೆಯದು, ಖರ್ಚಿಲ್ಲದ್ದು. ಹೊಳಪು ಗೊತ್ತಿರುವ ಎರಡು ನಕ್ಷತ್ರ ಹಿಡಿಯಬೇಕು. ನಮಗೆ ಬೇಕಾದದ್ದು ಅವೆರಡರ ನಡುವೆ ಎಲ್ಲಿದೆ ಎಂದು ಕಣ್ಣಿನಿಂದ ಅಂದಾಜು ಮಾಡಬೇಕು. ಒಂದು ಕಡೆ ರೋಹಿಣಿ, ಕಾಂತಿಮಾನ ಸುಮಾರು 0.9. ಇನ್ನೊಂದು ಕಡೆ ಬೆಲ್ಲಾಟ್ರಿಕ್ಸ್, ಸುಮಾರು 1.6. ಆರಿದ್ರಾ ಇವೆರಡರ ಸರಿ ನಡುವೆ ಇದ್ದರೆ 1.25. ಸುಮ್ನೆ ಹೇಳಿದರೆ ಸುಲಭ ಅನಿಸುತ್ತದೆ. ಮಾಡಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಕೆಂಪು ನಕ್ಷತ್ರವನ್ನು ಎವೆಯಿಕ್ಕದೆ ದಿಟ್ಟಿಸಿದರೆ ಅದು ಇದ್ದದ್ದಕ್ಕಿಂತ ಜಾಸ್ತಿ ಹೊಳೆಯುವಂತೆ ಕಾಣುತ್ತದೆ. ಆದ್ದರಿಂದ ಒಂದನ್ನೇ ನೋಡುತ್ತಾ ನಿಲ್ಲಬಾರದು, ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಕಣ್ಣು ಹೊರಳಿಸಬೇಕು. ಪ್ರತಿಯೊಬ್ಬರೂ ತಮ್ಮ ಅಂಕಿಯನ್ನು ಬೇರೆಯವರಿಗೆ ಹೇಳದೆ ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು ಎಂದು ನಾನು ನಿಯಮ ಮಾಡಿದ್ದೆ. ಒಬ್ಬರು ಬಾಯಿಬಿಟ್ಟು ಹೇಳಿದರೆ ಉಳಿದವರ ಕಣ್ಣು ಅದನ್ನೇ ಕಾಣುತ್ತದೆ.

ಇಷ್ಟೆಲ್ಲಾ ಎಚ್ಚರ ವಹಿಸಿದ ಮೇಲೂ ಒಂದೇ ರಾತ್ರಿಗೆ 1.6 ಮತ್ತು 1.3.

ಮರುದಿನ ಚೀಟಿಗಳನ್ನು ಮೇಜಿನ ಮೇಲೆ ಹರಡಿದೆವು. ಸಂಜೆಯ ಗುಂಪಿನ ನಾಲ್ವರಲ್ಲಿ ಮೂವರು 1.6, ಒಬ್ಬಳು 1.5. ರಾತ್ರಿಯ ಮೂವರು 1.3, 1.3, 1.2. ಗುಂಪಿನೊಳಗೆ ಜಗಳ ಇಲ್ಲ. ಗುಂಪು ಗುಂಪಿನ ನಡುವೆ ಮಾತ್ರ ವ್ಯತ್ಯಾಸ. ಯಾರೋ ಒಬ್ಬರ ಕಣ್ಣಿನ ದೋಷವಾಗಿದ್ದರೆ ಹೀಗೆ ಆಗುವುದಿಲ್ಲ ಅಲ್ವಾ? ಒಬ್ಬ ಹುಡುಗ ಉತ್ಸಾಹದಿಂದ, “ಸರ್, ಸಿಡಿಯೋಕೆ ಮುಂಚೆ ಹೀಗೇ ಮಿಣುಕುತ್ತೇನೋ” ಎಂದ. ಒಬ್ಬ ಹುಡುಗಿ ಮಾತ್ರ ಬೇರೆ ಪ್ರಶ್ನೆ ಕೇಳಿದಳು. “ನಾವು ನೋಡಿದಾಗ ಅದು ಕೆಳಗಿತ್ತು. ನೀವು ನೋಡಿದಾಗ ಎಲ್ಲಿತ್ತು?”

ಪ್ರಕರಣದ ಕೀಲಿ ಈ ಪ್ರಶ್ನೆಯಲ್ಲೇ ಇತ್ತು. ಲೆಕ್ಕ ಹಾಕಿದೆವು. ಏಳೂವರೆಗೆ ಆರಿದ್ರಾ ಪೂರ್ವದಲ್ಲಿ ಬರೀ 28 ಡಿಗ್ರಿ ಎತ್ತರದಲ್ಲಿತ್ತು. ಹೋಲಿಕೆಗೆ ಹಿಡಿದ ರೋಹಿಣಿ ಆಗಲೇ 49 ಡಿಗ್ರಿ ಏರಿತ್ತು. ಹನ್ನೊಂದಕ್ಕೆ ಎರಡೂ ಹೆಚ್ಚುಕಡಿಮೆ ನೆತ್ತಿಯ ಹತ್ತಿರ, 80 ಡಿಗ್ರಿಯ ಆಸುಪಾಸು. ನೆತ್ತಿಯ ಮೇಲೆ ಬೆಳಕು ದಾಟಬೇಕಾದ ಗಾಳಿಯನ್ನು 1 ಎಂದು ಇಟ್ಟುಕೊಳ್ಳಿ. 49 ಡಿಗ್ರಿಯಲ್ಲಿ ಅದು 1.3, 28 ಡಿಗ್ರಿಯಲ್ಲಿ 2.1. ಅಂದರೆ ಸಂಜೆ ಆರಿದ್ರಾದ ಬೆಳಕು ರೋಹಿಣಿಯ ಬೆಳಕಿಗಿಂತ 0.8ರಷ್ಟು ಜಾಸ್ತಿ ಗಾಳಿ ದಾಟಿ ಬಂದಿತ್ತು. ಸ್ವಚ್ಛ ಬೆಟ್ಟದ ಮೇಲೆ ಒಂದು ಪಾಲು ಗಾಳಿ ಸುಮಾರು 0.2 ಕಾಂತಿಮಾನ ನುಂಗುತ್ತದೆ. ಆ ಲೆಕ್ಕದಲ್ಲಿ ವ್ಯತ್ಯಾಸ 0.16 ಆಗಬೇಕು. ನಮ್ಮದು 0.3. ಉಳಿದದ್ದು ಎಲ್ಲಿಂದ ಬಂತು?

ಮಾಳಿಗೆಯ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಸಾಕಿತ್ತು. ಮುಂಗಾರಿನ ಭತ್ತದ ಕೊಯ್ಲು ಮುಗಿದಿತ್ತು. ಯಂತ್ರ ಎಬ್ಬಿಸಿದ ದೂಳು ಗಾಳಿಯಲ್ಲಿ ಇನ್ನೂ ತೇಲುತ್ತಿತ್ತು. ಅಲ್ಲಲ್ಲಿ ಹುಲ್ಲಿಗೆ ಬೆಂಕಿ ಹಾಕಿದ್ದರು. ಸಂಜೆ ತಂಪಾದಂತೆ ಆ ಹೊಗೆ ಮೇಲೇಳದೆ ಗದ್ದೆಗಳ ಮೇಲೆಯೇ ಚಾಪೆಯಂತೆ ಹರಡಿಕೊಳ್ಳುತ್ತದೆ. ಅದರ ಮೂಲಕ ನೋಡಿದ ನಕ್ಷತ್ರ ಮಂಕಾಗದೆ ಇನ್ನೇನಾದೀತು?

ಆದರೆ ಇದು ಊಹೆ. ಊಹೆಯನ್ನು ಪರೀಕ್ಷಿಸಬೇಕು. ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಗದ್ದಲದ ನಡುವೆಯೇ ನಾವು ಗಂಟೆಗೊಮ್ಮೆ ನೋಡಿದೆವು. ಈ ಸಲ ಆರಿದ್ರಾ ಜೊತೆಗೆ ಪ್ರೊಸಿಯಾನ್ ಎಂಬ ನಕ್ಷತ್ರವನ್ನೂ ಹಿಡಿದೆವು. ಪ್ರೊಸಿಯಾನ್ ಕಣ್ಣಿಗೆ ಗೊತ್ತಾಗುವಂತೆ ಹೊಳಪು ಬದಲಿಸುವುದಿಲ್ಲ. ಅದನ್ನು ಎತ್ತರದಲ್ಲಿದ್ದ ಬ್ರಹ್ಮಹೃದಯ ನಕ್ಷತ್ರದ ಜೊತೆ ಹೋಲಿಸುತ್ತಾ ಹೋದೆವು. ಎಂಟೂವರೆಗೆ ಪ್ರೊಸಿಯಾನ್ ಸೋತು ಸಣ್ಣಗಾಗಿ ಕಂಡಿತು. ಒಂಬತ್ತೂವರೆಗೆ ಚೇತರಿಸಿಕೊಂಡಿತು. ಹನ್ನೊಂದರ ಹೊತ್ತಿಗೆ ತನ್ನ ಜಾಗಕ್ಕೆ ಬಂದು ನಿಂತಿತು. ಆರಿದ್ರಾ ಕೂಡ ಅದೇ ರೀತಿ ಏರಿತು. ಬದಲಾಗದ ನಕ್ಷತ್ರವೇ ಹೀಗೆ ಬದಲಾದರೆ, ಬದಲಾಗುತ್ತಿರುವುದು ನಕ್ಷತ್ರವಲ್ಲ, ನಡುವಿನ ಗಾಳಿ.

ಆ ರಾತ್ರಿ ಕೆಳಗೆ ಇಳಿಯುವಾಗ ಆ ಹುಡುಗಿಯ ಅಜ್ಜಿ ಒಂದು ಮಾತು ಹೇಳಿದರು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದವರು, ನಮ್ಮ ಚರ್ಚೆ ಕೇಳುತ್ತಾ ಕೂತಿದ್ದರು. “ಕಂದೀಲು ಮಂಕಾದರೆ ಮೊದಲು ಗಾಜು ಒರೆಸಿ ನೋಡಬೇಕು. ಆಮೇಲೆ ಬತ್ತಿ.” ಮುಂದಿನ ನಾಲ್ಕು ತಿಂಗಳು ನಮ್ಮ ಕೆಲಸಕ್ಕೆ ಇದೇ ಮಾತು ದಾರಿ ತೋರಿಸಿತು. ಮೇಲಿರುವ ದೊಡ್ಡ ಪ್ರಶ್ನೆಯೂ ಅದೇ ಆಗಿತ್ತಲ್ಲ. ನಮ್ಮ ಗಾಜಿನ ಮಸಿ ಒರೆಸಿದ ಮೇಲೂ ಆರಿದ್ರಾ ಮಂಕಾಗಿತ್ತು. ಹಾಗಾದರೆ ಅಲ್ಲಿ ಏನಾಗಿದೆ? ಬತ್ತಿ ಕುಂದಿದೆಯೋ, ಅಲ್ಲಿಯ ಗಾಜಿಗೂ ಮಸಿ ಹಿಡಿದಿದೆಯೋ?

ಜನವರಿಯಿಂದ ನಿಯಮ ಬದಲಾಯಿತು. ನೋಟ್‌ಬುಕ್‌ನಲ್ಲಿ ಎತ್ತರಕ್ಕೆ ಒಂದು ಕಾಲಂ, ಗಾಳಿಗೆ ಒಂದು ಕಾಲಂ. 45 ಡಿಗ್ರಿಗಿಂತ ಕೆಳಗಿದ್ದಾಗ ಬರೆದ ಅಂಕಿ ಲೆಕ್ಕಕ್ಕಿಲ್ಲ. ಜನವರಿ ಮಧ್ಯಕ್ಕೆ 1.5. ಫೆಬ್ರವರಿಯಲ್ಲಿ ಸಂಜೆ ಎಂಟಕ್ಕೇ ಮಹಾವ್ಯಾಧ ನೆತ್ತಿಗೆ ಬರುತ್ತದೆ, ಮಕ್ಕಳು ನಿದ್ದೆಗೆಡಬೇಕಾಗಿಲ್ಲ. ಎರಡನೇ ವಾರದಲ್ಲಿ ಎಲ್ಲರ ಚೀಟಿಯಲ್ಲೂ 1.6 ಅಥವಾ 1.7. ಎರಡು ಭುಜಗಳೂ ಸರಿಸಮ! ಈ ನೋಟವನ್ನು ಚಿಕ್ಕಂದಿನಿಂದ ಆಕಾಶ ನೋಡುತ್ತಾ ಬಂದ ನಾನು ಎಂದೂ ಕಂಡಿರಲಿಲ್ಲ. ಎದೆ ಝಲ್ಲೆಂದಿತು. ಹೊಳಪು ಅಳೆಯುವ ಫೋಟೊಮೀಟರ್ ಇಟ್ಟು ನೋಡಿದವರ ಪ್ರಕಾರ ಫೆಬ್ರವರಿ 7ರಿಂದ 13ರ ನಡುವೆ ಅದು 1.614ಕ್ಕೆ ಇಳಿದಿತ್ತು. ಅದೇ ತಳ. ನಮ್ಮ ಹಳ್ಳಿ ಮಕ್ಕಳ ಚೀಟಿ ಮತ್ತು ಆ ಅಳತೆ ಒಂದಕ್ಕೊಂದು ಎಷ್ಟು ಹತ್ತಿರ ಇವೆ ನೋಡಿ.

ಹೊಳಪಿನ ಅಂಕಿ ಅಲ್ಲಿಗೆ ಮುಗಿಯುತ್ತದೆ. ಎಷ್ಟು ಮಂಕಾಯಿತು ಎಂದು ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಯಾಕೆ ಎಂದು ಕೇಳಬೇಕಾದರೆ ರೋಹಿತ ಬೇಕು. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಹರಡಿದಾಗ ಸಿಗುವ ಪಟ್ಟಿ ಅದು.

ಆರಿದ್ರಾದಂತಹ ತಂಪು ನಕ್ಷತ್ರದ ರೋಹಿತದಲ್ಲಿ ಕಪ್ಪು ಕಣಿವೆಗಳಿರುತ್ತವೆ. ಅವು ಟೈಟಾನಿಯಂ ಆಕ್ಸೈಡ್ ಎಂಬ ಅಣು ನುಂಗಿದ ಬೆಳಕು. 495, 517, 545, 616, 705 ನ್ಯಾನೋಮೀಟರ್‌ಗಳ (ಬೆಳಕಿನ ಅಲೆಯ ಉದ್ದದ ಅಳತೆ) ಹತ್ತಿರ ಒಂದೊಂದು ಕಣಿವೆ. ಒಂದು ಕಡೆ ಕಡಿದಾದ ದಂಡೆ, ಇನ್ನೊಂದು ಕಡೆ ನಿಧಾನದ ಇಳಿಜಾರು. ಬಿಸಿ ಜಾಸ್ತಿ ಇದ್ದರೆ ಅಣು ಒಡೆದು ಹೋಗುತ್ತದೆ. ತಂಪಾದಷ್ಟೂ ಅಣುಗಳು ಜಾಸ್ತಿ ಉಳಿಯುತ್ತವೆ, ಕಣಿವೆ ಆಳವಾಗುತ್ತದೆ. ಹಾಗಾಗಿ ಕಣಿವೆಯ ಆಳ ಒಂದು ಥರ್ಮಾಮೀಟರ್. ಇದರಲ್ಲಿ ಇನ್ನೊಂದು ಚೆಲುವಿದೆ. ದೂಳು ಅಥವಾ ಹೊಗೆ ಬೆಳಕನ್ನು ಒಟ್ಟಾಗಿ ಮಂಕು ಮಾಡುತ್ತದೆ, ನೀಲಿಯನ್ನು ಸ್ವಲ್ಪ ಜಾಸ್ತಿ ತಿನ್ನಬಹುದು. ಆದರೆ ಅದು ಟೈಟಾನಿಯಂ ಆಕ್ಸೈಡ್‌ನ ಕಣಿವೆ ತೋಡುವುದಿಲ್ಲ. ಕಣಿವೆಯ ಆಳವನ್ನು ಅದರ ಪಕ್ಕದ ದಂಡೆಗೆ ಹೋಲಿಸಿ ಅಳೆಯುತ್ತೇವೆ. ಹೊಗೆ ದಂಡೆಯನ್ನೂ ಕಣಿವೆಯನ್ನೂ ಒಂದೇ ಸಮ ಕುಗ್ಗಿಸುತ್ತದೆ. ಸಿಂಧನೂರಿನ ಹೊಗೆ ನಮ್ಮ ಥರ್ಮಾಮೀಟರ್ ಕೆಡಿಸಲಾರದು. ಬತ್ತಿಗೂ ಮಸಿಗೂ ವ್ಯತ್ಯಾಸ ಹೇಳುವ ಸಾಧನ ಇದು.

ನನ್ನ ಹತ್ತಿರ ಮಿಲಿಮೀಟರಿಗೆ 100 ಗೆರೆ ಇರುವ, ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ ಒಂದು ಸಣ್ಣ ಗ್ರೇಟಿಂಗ್ ಇತ್ತು. ಮದುವೆ ಫೋಟೊ ತೆಗೆಯುವ ಗೆಳೆಯನಿಂದ ಕ್ಯಾಮೆರಾ ಮತ್ತು 50 ಮಿಲಿಮೀಟರ್ ಲೆನ್ಸ್ ಇಸಿದುಕೊಂಡೆ. ಲೆನ್ಸಿನ ಮುಂದೆ ರಟ್ಟಿನ ಬಳೆ ಮಾಡಿ ಗ್ರೇಟಿಂಗ್ ಕೂರಿಸಿದೆ. ಆಕಾಶದ ಜೊತೆ ತಿರುಗುವ ಸ್ಟ್ಯಾಂಡ್ ನಮ್ಮಲ್ಲಿಲ್ಲ. ಆದರೆ ಅದೇ ಒಂದು ಅನುಕೂಲವಾಯಿತು. ರೋಹಿತ ಉತ್ತರ ದಕ್ಷಿಣಕ್ಕೆ ಚಾಚುವಂತೆ ಗ್ರೇಟಿಂಗ್ ತಿರುಗಿಸಿ, 20 ಸೆಕೆಂಡು ಶಟರ್ ತೆರೆದಿಟ್ಟರೆ ಸಾಕು. ಭೂಮಿ ತಿರುಗಿದಂತೆ ನಕ್ಷತ್ರ ಪಶ್ಚಿಮಕ್ಕೆ ಜಾರುತ್ತದೆ. ದಾರದಂತಿದ್ದ ರೋಹಿತ ತಾನಾಗಿಯೇ ಪಟ್ಟಿಯಾಗಿ ಅಗಲವಾಗುತ್ತದೆ. ಗೆರೆಗಳು ಕಣ್ಣಿಗೆ ಕಾಣುತ್ತವೆ. ಇದು ಸಿದ್ಧಿಸಲು ಮೂರು ಸಂಜೆ ಹಿಡಿಯಿತು. ಒಂದು ಸಂಜೆ ಫೋಕಸ್ ತಪ್ಪಿತು, ಇನ್ನೊಂದು ಸಂಜೆ ರೋಹಿತ ಚೌಕಟ್ಟಿನಿಂದ ಹೊರಗೆ ಹೋಯಿತು.

ಫೆಬ್ರವರಿ 15, ಶನಿವಾರ. ಮಸ್ಕಿ ಕಡೆಯ ಒಂದು ಕಲ್ಲುಗುಡ್ಡದ ಮೇಲೆ ಹೋದೆವು. ಅಲ್ಲಿ ಗದ್ದೆ ದೂರ, ದೀಪ ಕಡಿಮೆ, ಚಂದ್ರ ಬರುವುದು ನಡುರಾತ್ರಿಗೆ. ಮೊದಲು ರೈಜೆಲ್. ಅದು ಬಿಸಿ ನಕ್ಷತ್ರ, ಅದರ ರೋಹಿತದಲ್ಲಿ ಹೈಡ್ರೋಜನ್ನಿನ ಗೆರೆಗಳು 486 ಮತ್ತು 434 ನ್ಯಾನೋಮೀಟರ್‌ನಲ್ಲಿ ಸ್ಪಷ್ಟವಾಗಿ ಬಂದವು. ಅಳತೆಪಟ್ಟಿಗೆ ಗುರುತು ಹಾಕಲು ಅವೇ ಆಧಾರ. ಆಮೇಲೆ ಆರಿದ್ರಾ. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಹಸಿರು, ಹಳದಿ, ಕೆಂಪು, ನಡುನಡುವೆ ಕಪ್ಪು ಮೆಟ್ಟಿಲುಗಳು. ಮಕ್ಕಳು ಉಸಿರು ಹಿಡಿದು ನೋಡಿದರು. ನಕ್ಷತ್ರದ ಮೇಲಿರುವ ಒಂದು ಅಣುವಿನ ಗುರುತನ್ನು ರಾಯಚೂರು ಜಿಲ್ಲೆಯ ಬಂಡೆಯ ಮೇಲೆ ಕೂತು ಕಂಡಿದ್ದೆವು.

ಅದೇ ಗ್ರೇಟಿಂಗನ್ನು ಮಹಾವ್ಯಾಧನ ಖಡ್ಗದಲ್ಲಿರುವ ಅನಿಲದ ಮೋಡಕ್ಕೂ, ಅಂದರೆ ನೀಹಾರಿಕೆಗೂ, ತಿರುಗಿಸಿದೆವು. ಅಲ್ಲಿ ಬಣ್ಣದ ಪಟ್ಟಿ ಬರಲೇ ಇಲ್ಲ. ಹಸಿರಿನ ಜಾಗದಲ್ಲಿ ನೀಹಾರಿಕೆಯದೇ ಆಕಾರದ ಒಂದು ಮಂಕು ಮಚ್ಚೆ ಮಾತ್ರ. ಬಿಡಿ ಅನಿಲ ಹೀಗೆ ಒಂದೆರಡು ಬಣ್ಣದಲ್ಲೇ ಬೆಳಗುತ್ತದೆ. 1864ರಲ್ಲಿ ವಿಲಿಯಂ ಹಗಿನ್ಸ್ ಬೇರೊಂದು ನೀಹಾರಿಕೆಯಲ್ಲಿ ಇದನ್ನು ಮೊದಲು ಕಂಡಾಗ ಆ ಹಸಿರು ಗೆರೆ ಯಾವ ಧಾತುವಿನದೆಂದು ಗೊತ್ತಾಗದೆ ಅದಕ್ಕೆ ‘ನೆಬ್ಯುಲಿಯಂ’ ಎಂಬ ಹೊಸ ಹೆಸರೇ ಹುಟ್ಟಿತು. ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದು ಎಂದು 1927ರಲ್ಲಿ ಐರಾ ಬೋವನ್ ಬಿಡಿಸಿ ಹೇಳಿದರು.

ಇಲ್ಲಿ ಸ್ವಲ್ಪ ನಿಂತು ನಮ್ಮ ನೆಲದ ಬಗ್ಗೆ ಹೇಳಲೇಬೇಕು. ರೋಹಿತ ನೋಡುವ ಕೆಲಸ ಈ ಸೀಮೆಗೆ ಹೊಸದಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಮೇಲೆಯೇ ಹಾದು ಹೋಯಿತು. ಪಶ್ಚಿಮಕ್ಕೆ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹಿಡಿದು ನಿಂತಿದ್ದರು. ಆರಿದ್ರಾ ಏರಿಳಿಯುತ್ತದೆ ಎಂದು ಗಮನಿಸಿದ ಸರ್ ಜಾನ್ ಹರ್ಷೆಲರ ಮಗ ಅವರು. ಸೂರ್ಯನ ಅಂಚಿನ ಜ್ವಾಲೆಯಲ್ಲಿ ಹೊಳೆಯುವ ಗೆರೆಗಳನ್ನು ಅವರು ಅಲ್ಲಿ ಕಂಡರು. ಪೂರ್ವಕ್ಕೆ, ರಾಯಚೂರಿನಿಂದ ಕೃಷ್ಣೆ ದಾಟಿದರೆ ಸಿಗುವ ವನಪರ್ತಿಯಲ್ಲಿ, ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಇದ್ದರು. ಅದರ ಹಿಂದಿನ ವರ್ಷವಷ್ಟೇ ಅವರು ರೆಟಿಕುಲಂ ಪುಂಜದಲ್ಲಿ ಹೊಳಪು ಬದಲಿಸುವ ಒಂದು ಚರನಕ್ಷತ್ರ ಪತ್ತೆ ಮಾಡಿದ್ದರು. ಮತ್ತೆ 1980ರ ಫೆಬ್ರವರಿ 16ರ ಪೂರ್ಣಗ್ರಹಣಕ್ಕೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ನಮ್ಮ ಜವಳಗೇರಾದಲ್ಲೇ ಬಿಡಾರ ಹೂಡಿ ಸೂರ್ಯನ ಹೊರಗಿನ ಪ್ರಭಾವಲಯದ (ಕರೋನಾ) ರೋಹಿತ ತೆಗೆದರು. ಇದನ್ನು ಹೇಳಿದಾಗ ಒಬ್ಬ ಹುಡುಗ, “ಸರ್, ನಮ್ಮ ಜವಳಗೇರಾನಾ?” ಎಂದು ಎರಡು ಸಲ ಕೇಳಿದ. ಹೌದು, ಬಸ್ಸಿನಲ್ಲಿ ದಿನಾ ದಾಟುವ ಅದೇ ಜವಳಗೇರಾ.

ಮಾರ್ಚ್‌ನಲ್ಲಿ ಆರಿದ್ರಾ ಏರತೊಡಗಿತು. ಮಧ್ಯಕ್ಕೆ 1.1. ಅಷ್ಟರಲ್ಲಿ ಶಾಲೆ ಮುಚ್ಚಿತು, 25ರಿಂದ ಲಾಕ್‌ಡೌನ್. ಮಕ್ಕಳು ತಮ್ಮ ತಮ್ಮ ಮಾಳಿಗೆಯಿಂದ ನೋಡಿ ಫೋನಿನಲ್ಲಿ ಅಂಕಿ ಹೇಳುತ್ತಿದ್ದರು. ಮದುವೆಗಳು ನಿಂತದ್ದರಿಂದ ಗೆಳೆಯನ ಕ್ಯಾಮೆರಾ ನನ್ನಲ್ಲೇ ಉಳಿಯಿತು. ಅವನ ಪಾಲಿಗೆ ಅದು ಕಷ್ಟದ ಕಾಲ. ಆದರೂ “ಇಟ್ಕೊಳ್ಳಿ ಸರ್, ಅದಾದರೂ ಕೆಲಸ ಮಾಡಲಿ” ಎಂದ. ಅವನ ಉಪಕಾರ ಮರೆಯಲಾರೆ.

ಏಪ್ರಿಲ್ 18ರಂದು ಮತ್ತೆ ರೋಹಿತ ತೆಗೆದೆ. ಆಗ ಹೊಳಪು 0.5ಕ್ಕೆ ಮರಳಿತ್ತು. ಫೆಬ್ರವರಿಯಲ್ಲಿ ಇದ್ದದ್ದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಬೆಳಕು. ಎರಡೂ ರಾತ್ರಿಯ ಪಟ್ಟಿಗಳನ್ನು ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ಮಾಡಿ ಒಂದರ ಮೇಲೊಂದು ಇಟ್ಟೆ. 517, 545 ಮತ್ತು 616ರ ಕಣಿವೆಗಳನ್ನು ಅಳೆದೆ. 705ರದ್ದನ್ನು ಕ್ಯಾಮೆರಾದ ಒಳಗಿನ ಫಿಲ್ಟರ್ ತಡೆಯುತ್ತದೆ, ಅದು ಸಿಗಲಿಲ್ಲ. ಫೆಬ್ರವರಿಯ ಕಣಿವೆ ಒಂದು ಚೂರು ಆಳ ಇದ್ದಂತೆ ಕಂಡಿತು. ಆದರೆ ಒಂದೇ ರಾತ್ರಿಯ ಎರಡು ಚಿತ್ರಗಳ ನಡುವೆಯೂ ಅಷ್ಟೇ ವ್ಯತ್ಯಾಸ ಇತ್ತು. ಆದ್ದರಿಂದ ತಂಪಾಯಿತು ಎಂದು ಹೇಳಲು ನಮಗೆ ಹಕ್ಕಿಲ್ಲ. ಹೇಳಬಹುದಾದದ್ದು ಇಷ್ಟು: ಬರೀ ತಂಪಾಗಿಯೇ ಇಷ್ಟೊಂದು ಬೆಳಕು ಹೋಗಿದ್ದರೆ ಕಣಿವೆಗಳು ಎದ್ದು ಕಾಣುವಷ್ಟು ಆಳವಾಗಬೇಕಿತ್ತು. ನಮ್ಮ ಚಿತ್ರದಲ್ಲಿ ಹಾಗಾಗಿಲ್ಲ. ಬತ್ತಿಯೊಂದೇ ಕಾರಣ ಅಲ್ಲ.

ನಾವು ಗುಡ್ಡ ಹತ್ತಿದ ಅದೇ ಫೆಬ್ರವರಿ 15ನೇ ತಾರೀಕಿನ ಇನ್ನೊಂದು ರೋಹಿತ ಇದೆ ಎಂದು ಆಮೇಲೆ ಓದಿದೆ. ಅರಿಜೋನಾದ ಲೊವೆಲ್ ವೀಕ್ಷಣಾಲಯದ 4.3 ಮೀಟರ್ ದೂರದರ್ಶಕದಿಂದ ಎಮಿಲಿ ಲೆವೆಸ್ಕ್ ಮತ್ತು ಫಿಲಿಪ್ ಮ್ಯಾಸಿ ತೆಗೆದದ್ದು. ಅವರೂ ಟೈಟಾನಿಯಂ ಆಕ್ಸೈಡ್ ಕಣಿವೆಗಳನ್ನೇ ಅಳೆದರು. ಉಷ್ಣತೆ 3,600 ಕೆಲ್ವಿನ್. 2004ರಲ್ಲಿ 3,650 ಇತ್ತು. 50 ಡಿಗ್ರಿ ಇಳಿದರೆ ಇಷ್ಟು ಮಂಕಾಗುವುದಿಲ್ಲ, ನಕ್ಷತ್ರ ತಾನೇ ಉಗುಳಿದ ದಪ್ಪ ಕಣದ ದೂಳು ಅಡ್ಡ ಬಂದಿರಬೇಕು ಎಂದು ಅವರ ವಾದ. ಗಾಜಿನ ಮಸಿ!

ಆದರೆ ಎಲ್ಲರೂ ಒಪ್ಪಲಿಲ್ಲ. ಸಬ್‌ಮಿಲಿಮೀಟರ್ ತರಂಗಗಳಲ್ಲಿ, ಅಂದರೆ ಕಣ್ಣಿಗೆ ಕಾಣುವ ಬೆಳಕಿಗಿಂತ ಬಹಳ ಉದ್ದದ ಅಲೆಗಳಲ್ಲಿ, ನೋಡಿದವರು ಅಲ್ಲಿಯೂ ನಕ್ಷತ್ರ ಸುಮಾರು 20 ಪ್ರತಿಶತ ಮಂಕಾಗಿದೆ ಎಂದರು. ದೂಳಾಗಿದ್ದರೆ ಆ ತರಂಗದಲ್ಲಿ ಹಾಗಾಗಬಾರದು, ಮೇಲ್ಮೈಯಲ್ಲೇ ತಂಪು ಕಲೆಗಳಿವೆ ಎಂದು ಅವರ ತೀರ್ಮಾನ. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನಿಂದ ಮಿಗೆಲ್ ಮೊಂತಾರ್ಜೆಸ್ ತಂಡ ತೆಗೆದ ಚಿತ್ರಗಳಲ್ಲಿ ನಕ್ಷತ್ರದ ದಕ್ಷಿಣ ಭಾಗವೇ ಕತ್ತಲಾಗಿತ್ತು. ಹಬಲ್ ದೂರದರ್ಶಕದ ಅತಿನೇರಳೆ ರೋಹಿತಗಳನ್ನು ನೋಡಿದ ಆಂಡ್ರಿಯಾ ಡುಪ್ರೀ, ಮಂಕಾಗುವ ಮೊದಲೇ, 2019ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಬಿಸಿ ಅನಿಲ ಹೊರಗೆ ಚಿಮ್ಮಿದ ಗುರುತು ಹಿಡಿದರು. ಚಿಮ್ಮಿದ ಅನಿಲ ದೂರ ಹೋಗಿ ತಣಿದು ದೂಳಾಯಿತು ಎನ್ನುವ ಚಿತ್ರ ನಿಧಾನವಾಗಿ ಮೂಡಿತು. 2021ರಲ್ಲಿ ಮೊಂತಾರ್ಜೆಸ್ ತಂಡ ಎರಡನ್ನೂ ಜೋಡಿಸಿತು: ದಕ್ಷಿಣದಲ್ಲಿ ಮೇಲ್ಮೈ ತಂಪಾಯಿತು, ಅದರ ಮೇಲೆ ದೂಳು ಕಟ್ಟಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಬಂದದ್ದು 2022ರಲ್ಲಿ, ಯಾರೂ ನಿರೀಕ್ಷಿಸದ ಕಡೆಯಿಂದ. ಜಪಾನಿನ ಹಿಮಾವರಿ-8 ಒಂದು ಹವಾಮಾನ ಉಪಗ್ರಹ. ಮೋಡ, ಮಳೆ, ಚಂಡಮಾರುತ ನೋಡುವುದು ಅದರ ಕೆಲಸ. ಅದು ತೆಗೆದ ಭೂಮಿಯ ಚಿತ್ರಗಳ ಅಂಚಿನಲ್ಲಿ, ಕಪ್ಪು ಆಕಾಶದ ಮೂಲೆಯಲ್ಲಿ, ಆಗಾಗ ಆರಿದ್ರಾ ಕೂಡ ಸಿಕ್ಕಿಬಿದ್ದಿತ್ತು! ದೈಸುಕೆ ತಾನಿಗುಚಿ ಮತ್ತು ಸಂಗಡಿಗರು ನಾಲ್ಕೂವರೆ ವರ್ಷದ ಆ ಚಿತ್ರಗಳನ್ನು ಹುಡುಕಿ ತೆಗೆದರು. ಕಣ್ಣಿಗೆ ಕಾಣುವ ಬೆಳಕಿನಿಂದ ಅವಕೆಂಪಿನವರೆಗೆ ಹಲವು ಬಣ್ಣಗಳಲ್ಲಿ ಹೊಳಪು ಅಳೆದರು. ಅವರ ಉತ್ತರ: ನಕ್ಷತ್ರ ಸುಮಾರು 140 ಡಿಗ್ರಿ ತಂಪಾಗಿತ್ತು, ದೂಳೂ ಅಡ್ಡ ಬಂದಿತ್ತು, ಎರಡರ ಪಾಲೂ ಹೆಚ್ಚುಕಡಿಮೆ ಸಮ. ಮಳೆ ನೋಡಲು ಹಾರಿಸಿದ ಉಪಗ್ರಹ, ಮಳೆಗೆ ಹೆಸರು ಕೊಟ್ಟ ನಕ್ಷತ್ರದ ಗುಟ್ಟು ಬಿಡಿಸಿತು. ಅಜ್ಜಿಗೆ ಹೋಗಿ ಹೇಳಿದೆ. ಬತ್ತಿಯೂ ಹೌದು, ಗಾಜೂ ಹೌದು. ಅವರು ಆಕಾಶದ ಕಡೆ ಒಮ್ಮೆ ನೋಡಿ, ಎಷ್ಟು ದೂರ ಇದೆ ಅದು ಎಂದು ಕೇಳಿದರು.

ಲೊವೆಲ್‌ನ 50 ಡಿಗ್ರಿಗೂ ಹಿಮಾವರಿಯ 140 ಡಿಗ್ರಿಗೂ ಅಂತರ ಇದೆ. ನಮ್ಮ 50 ಮಿಲಿಮೀಟರ್ ಲೆನ್ಸಿಗೆ ಈ ಎರಡರಲ್ಲಿ ಯಾವುದನ್ನೂ ಗುರುತಿಸುವ ಶಕ್ತಿ ಇರಲಿಲ್ಲ. ಎರಡು ರಾತ್ರಿಯ ಬದಲು ಇಪ್ಪತ್ತು ರಾತ್ರಿ ರೋಹಿತ ತೆಗೆದಿದ್ದರೆ, ಪ್ರತಿ ರಾತ್ರಿ ಹತ್ತು ಹತ್ತು ಚಿತ್ರ ಕೂಡಿಸಿದ್ದರೆ, ಏನಾದರೂ ಕಾಣುತ್ತಿತ್ತೇನೋ. ಇದೇ ಈ ಪ್ರಕರಣದಲ್ಲಿ ನನಗೆ ಉಳಿದ ಕೊರಗು. ಹೊಳಪಿನ ಅಂಕಿ ಐವತ್ತು ರಾತ್ರಿಗಳದ್ದು ಇದೆ, ರೋಹಿತ ಎರಡೇ ರಾತ್ರಿಯದ್ದು. ಅದಕ್ಕೇ ಈಗ ಪ್ರತಿ ಚಳಿಗಾಲ ತಿಂಗಳಿಗೆ ಎರಡು ಸಲ ಗ್ರೇಟಿಂಗ್ ಹಿಡಿದು ಕೂರುತ್ತೇವೆ, ನಕ್ಷತ್ರ ಮಾಮೂಲಾಗಿ ಇದ್ದರೂ.

2020ರ ಮೇ ಮೊದಲ ವಾರ ಆರಿದ್ರಾ ಸಂಜೆಯ ಬೆಳಕಿನೊಳಗೆ ಇಳಿದು ಹೋಯಿತು. ಜೂನ್ ಕೊನೆಗೆ ಆರಿದ್ರಾ ಮಳೆಯ ದಿನಗಳು ಬಂದವು. ಭೂಮಿಯಿಂದ ಯಾರಿಗೂ ಆ ನಕ್ಷತ್ರ ಕಾಣದ ಆ ದಿನಗಳಲ್ಲೂ, ಸೂರ್ಯನನ್ನು ಕಾಯುವ ಸ್ಟೀರಿಯೋ ಎಂಬ ನೌಕೆ ತನ್ನ ಬೇರೆ ಜಾಗದಿಂದ ಅದನ್ನು ನೋಡುತ್ತಿತ್ತು. ಮೇ ಮಧ್ಯದಿಂದ ಜುಲೈ ಮಧ್ಯದವರೆಗೆ ಅದು ಮತ್ತೆ ಅರ್ಧ ಕಾಂತಿಮಾನದಷ್ಟು ಮಂಕಾಯಿತು ಎಂದು ಆ ನೌಕೆಯ ಚಿತ್ರಗಳು ಹೇಳಿದವು.

ಆ ಹುಡುಗಿ ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಳೆ. ಹೋದ ಸಲ ಊರಿಗೆ ಬಂದಾಗ ಹಳೆಯ ನೋಟ್‌ಬುಕ್ ಕೇಳಿ ತೆಗೆದುಕೊಂಡಳು. ಡಿಸೆಂಬರ್ 30ರ ಪುಟದಲ್ಲಿ 1.6 ಮತ್ತು 1.3 ಎರಡೂ ಹಾಗೇ ಇವೆ. ನಾವು ಒಂದನ್ನೂ ಹೊಡೆದು ಹಾಕಿರಲಿಲ್ಲ. ಅವುಗಳ ಪಕ್ಕ ಅವಳೇ ಆಗ ಪೆನ್ಸಿಲಿನಲ್ಲಿ ಬರೆದ ಅಕ್ಷರಗಳೂ ಇವೆ. 1.6ರ ಮುಂದೆ: 28 ಡಿಗ್ರಿ, ಹುಲ್ಲಿನ ಹೊಗೆ. 1.3ರ ಮುಂದೆ: 78 ಡಿಗ್ರಿ, ತಿಳಿ.